ಲೇನಿನ ಎಣ್ಣೆಗೆ ತಕ್ಕ ಬೌಲಿಂಗ್ ಬಾಲ್ ಆರಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಟೆನ್‌ಪಿನ್ ಬೌಲಿಂಗ್‌ನಲ್ಲಿ ಹುಕ್ (ಕೊನೆಯಲ್ಲಿ ತಿರುಗುವ ಎಸೆತ) ಹಾಕಲು ಕಲಿತ ಮೇಲೆ ಏಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ಎಲ್ಲವನ್ನೂ ಬಲಗೈ ಆಟಗಾರರ ಲೆಕ್ಕದಲ್ಲಿ ಬರೆದಿದೆ. ಎಡಗೈಯವರು ಎಡ–ಬಲ ಅದಲು ಬದಲು ಮಾಡಿಕೊಂಡು ಓದಬೇಕು, 10 ಪಿನ್ (ಹಿಂದಿನ ಸಾಲಿನ ಬಲ ತುದಿಯದು) ಎಂದಿದ್ದರೆ 7 ಪಿನ್ (ಎಡ ತುದಿಯದು) ಎಂದು ತಿಳಿಯಬೇಕು.

ಲೇನ್ ಮೇಲೆ ಎಣ್ಣೆ ಎಲ್ಲೆಲ್ಲಿ ಇರುತ್ತದೆ?

ಎಸೆಯುವಾಗ ದಾಟಬಾರದ ಫೌಲ್ ಲೈನಿನಿಂದ ಎಲ್ಲಕ್ಕಿಂತ ಮುಂದಿರುವ ಹೆಡ್ ಪಿನ್‌ವರೆಗೆ ಲೇನಿನ ಉದ್ದ 60 ಅಡಿ. ಅಗಲ ಸುಮಾರು 41.5 ಇಂಚು, ಅದರಲ್ಲಿ 39 ಬೋರ್ಡ್‌ಗಳು, ಅಂದರೆ ಉದ್ದುದ್ದ ಪಟ್ಟಿಗಳು. ಎಣ್ಣೆ ಹಾಕುವ ಯಂತ್ರ ಫೌಲ್ ಲೈನಿನ ಹತ್ತಿರದಿಂದ ಹೊರಟು ಪ್ಯಾಟರ್ನ್‌ಗೆ, ಅಂದರೆ ಎಣ್ಣೆ ಹರಡುವ ವಿನ್ಯಾಸಕ್ಕೆ ತಕ್ಕಂತೆ 32ರಿಂದ 50 ಅಡಿಯ ಆಸುಪಾಸಿನವರೆಗೆ ಎಣ್ಣೆ ಬಿಡುತ್ತದೆ. ಅಲ್ಲಿಂದ ಪಿನ್‌ಗಳವರೆಗಿನ ಜಾಗ ಒಣಗಿರುತ್ತದೆ, ಅದನ್ನೇ ಬ್ಯಾಕ್‌ಎಂಡ್ ಎನ್ನುವುದು. ಬಾಲ್ ಎಣ್ಣೆಯ ಮೇಲೆ ಜಾರುತ್ತದೆ, ಒಣ ಜಾಗ ಸಿಕ್ಕೊಡನೆ ಹಿಡಿದು ತಿರುಗುತ್ತದೆ. ಮುಂದಿನದೆಲ್ಲ ಇದೇ ಸಂಗತಿಯ ವಿಸ್ತರಣೆ.

ಅಗಲದಲ್ಲೂ ಎಣ್ಣೆ ಒಂದೇ ಸಮ ಇರುವುದಿಲ್ಲ. ದಿನನಿತ್ಯದ ಆಟಕ್ಕೆ ಹಾಕುವ ಹೌಸ್ ಪ್ಯಾಟರ್ನ್‌ನಲ್ಲಿ ನಡುವೆ ದಟ್ಟ, ಎರಡೂ ಗಟರ್‌ಗಳ ಕಡೆ ತೆಳು. ನಡುವಿಗೂ ಅಂಚಿಗೂ 8ಕ್ಕೆ 1 ಅಥವಾ 10ಕ್ಕೆ 1ರ ಅನುಪಾತ ಸಾಮಾನ್ಯ. ಅದಕ್ಕೇ ಅಲ್ಲಿ ತಪ್ಪು ಮಾಫಿ ಆಗುತ್ತದೆ: ಬಲಕ್ಕೆ ತಪ್ಪಿದ ಬಾಲ್ ಒಣ ಬೋರ್ಡ್ ಹಿಡಿದು ಪಾಕೆಟ್‌ಗೆ (1 ಮತ್ತು 3ನೇ ಪಿನ್‌ಗಳ ನಡುವಿನ ಜಾಗ) ಮರಳುತ್ತದೆ, ಎಡಕ್ಕೆ ತಪ್ಪಿದ್ದು ನಡುವಿನ ಎಣ್ಣೆಯಲ್ಲಿ ಜಾರಿ ಅಲ್ಲೇ ನಿಲ್ಲುತ್ತದೆ. ಸ್ಪರ್ಧೆಯ ಸ್ಪೋರ್ಟ್ ಪ್ಯಾಟರ್ನ್‌ಗಳಲ್ಲಿ ಅನುಪಾತ ಸುಮಾರು 3ಕ್ಕೆ 1 ಅಥವಾ ಅದಕ್ಕೂ ಕಡಿಮೆ. ಅಲ್ಲಿ ಎರಡು ಬೋರ್ಡ್ ತಪ್ಪಿದರೂ ಬಾಲ್ ನಿಮ್ಮ ನೆರವಿಗೆ ಬರುವುದಿಲ್ಲ.

ಪ್ಯಾಟರ್ನ್ ಚೀಟಿ ಕೈಗೆ ಸಿಕ್ಕರೆ ಅದರಲ್ಲಿ ಏನನ್ನು ನೋಡಬೇಕು?

ಮೊದಲು ಉದ್ದ, ಆಮೇಲೆ ಒಟ್ಟು ಎಣ್ಣೆ, ಕೊನೆಗೆ ಅನುಪಾತ. ಎಲ್ಲಿ ಆಡಬೇಕೆಂದು ಉದ್ದ ಹೇಳುತ್ತದೆ, ಬಾಲ್ ಎಷ್ಟು ಬಲವಾಗಿರಬೇಕೆಂದು (ಅಂದರೆ ಎಷ್ಟು ಬೇಗ ಹಿಡಿದು ತಿರುಗಬೇಕೆಂದು) ಎಣ್ಣೆಯ ಪ್ರಮಾಣ ಹೇಳುತ್ತದೆ, ಎಷ್ಟು ನಿಖರವಾಗಿ ಎಸೆಯಬೇಕೆಂದು ಅನುಪಾತ ಹೇಳುತ್ತದೆ.

ಉದ್ದಕ್ಕೆ ಆಟಗಾರರು ಬಳಸುವ ಸುಲಭ ಲೆಕ್ಕ ‘31ರ ನಿಯಮ’. ಪ್ಯಾಟರ್ನಿನ ಉದ್ದದಲ್ಲಿ 31 ಕಳೆಯಿರಿ. ಬರುವ ಸಂಖ್ಯೆ, ಎಣ್ಣೆ ಮುಗಿಯುವ ಜಾಗದಲ್ಲಿ ಬಾಲ್ ಇರಬೇಕಾದ ಬೋರ್ಡ್, ಬಲಗಡೆಯಿಂದ ಎಣಿಸಿದಂತೆ. 41 ಅಡಿಗೆ 10ನೇ ಬೋರ್ಡ್, 35 ಅಡಿಗೆ 4ನೇ ಬೋರ್ಡ್, 46 ಅಡಿಗೆ 15ನೇ ಬೋರ್ಡ್. ಇದನ್ನು ಹುಡುಕಾಟ ಶುರುಮಾಡುವ ಜಾಗ ಎಂದಷ್ಟೇ ತಿಳಿಯಿರಿ. ಹೌಸ್ ಪ್ಯಾಟರ್ನ್‌ನಲ್ಲಿ ಇದರಿಂದ ಎರಡು ಮೂರು ಬೋರ್ಡ್ ಆಚೀಚೆಯಾದರೂ ಆಟ ಸಾಗುತ್ತದೆ.

ಎಣ್ಣೆಯ ಪ್ರಮಾಣದಲ್ಲಿ 20 ಮಿ.ಲೀ.ಗಿಂತ ಕಡಿಮೆಯಿದ್ದರೆ ತೆಳು, 20ರಿಂದ 25 ಮಧ್ಯಮ, 27–28 ದಾಟಿದರೆ ದಟ್ಟ ಎಂದು ಹಿಡಿಯಬಹುದು. ಆದರೆ ಈ ಅಂಕಿಯನ್ನು ಒಂಟಿಯಾಗಿ ಓದಬೇಡಿ. ಅದೇ 25 ಮಿ.ಲೀ. 36 ಅಡಿಯೊಳಗೆ ಬಿದ್ದಾಗ ಒಂದು ಲೇನ್, 46 ಅಡಿಗೆ ಹರಡಿದಾಗ ಬೇರೆಯೇ ಲೇನ್.

ಚಿಕ್ಕ ಪ್ಯಾಟರ್ನ್‌ಗೆ ಯಾವ ಬಾಲ್, ಉದ್ದ ಪ್ಯಾಟರ್ನ್‌ಗೆ ಯಾವುದು?

35 ಅಡಿಗೆ ಎಣ್ಣೆ ಮುಗಿದರೆ ಬಾಲ್‌ಗೆ ತಿರುಗಲು ಇನ್ನೂ 25 ಅಡಿ ಇದೆ. ಬಲವಾದ ಬಾಲ್ ತಂದರೆ ಅದು ಮೂಗು ಹಿಡಿದಂತೆ ಎಡಕ್ಕೆ ಎಳೆದುಕೊಂಡು ಹೋಗುತ್ತದೆ. ಅಲ್ಲಿ ಬೇಕಿರುವುದು ಒಣ ಜಾಗ ಸಿಕ್ಕಾಗಲೂ ಗಾಬರಿಯಾಗದ ಬಾಲ್: ಯುರೆಥೇನ್, ಅಥವಾ ದುರ್ಬಲ ಕೋರಿನ ರಿಯಾಕ್ಟಿವ್ (ಯುರೆಥೇನ್, ರಿಯಾಕ್ಟಿವ್ ಹೊರಕವಚದ ಬಗೆಗಳು, ಕೋರ್ ಎಂದರೆ ಬಾಲಿನೊಳಗಿನ ತಿರುಳು; ವಿವರ ಮುಂದಿದೆ). ಅದನ್ನು ಗಟರಿಗೆ ಹತ್ತಿರವಾಗಿ, ಹೆಚ್ಚು ಕೋನ ಕೊಡದೆ ನೇರವಾಗಿ ಬಿಡಬೇಕು.

46 ಅಡಿಯ ಪ್ಯಾಟರ್ನ್‌ನಲ್ಲಿ ಬಾಲ್‌ಗೆ ಉಳಿಯುವುದು 14 ಅಡಿ ಮಾತ್ರ. ಅಲ್ಲಿ ಎಣ್ಣೆಯಲ್ಲಿದ್ದಾಗಲೇ ಒಂದಿಷ್ಟು ಹಿಡಿತ ಪಡೆಯುವ ಬಾಲ್ ಬೇಕು: ಒರಟು ಮೇಲ್ಮೈಯ ಸಾಲಿಡ್ ರಿಯಾಕ್ಟಿವ್. ದೂರ ಬಲಕ್ಕೆ ಬಿಟ್ಟರೆ ಅದು ಮರಳಿ ಬರುವುದಿಲ್ಲ, ಒಳಗಿನ ಬೋರ್ಡ್‌ಗಳಲ್ಲೇ ಆಡಿಸಬೇಕು.

37ರಿಂದ 42 ಅಡಿಯವರೆಗಿನ ಮಧ್ಯಮ ಪ್ಯಾಟರ್ನ್‌ನಲ್ಲಿ ಉದ್ದಕ್ಕಿಂತ ಎಣ್ಣೆಯ ಪ್ರಮಾಣವೇ ಬಾಲನ್ನು ತೀರ್ಮಾನಿಸುತ್ತದೆ.

ಚೀಟಿಯೇ ಇಲ್ಲದಿದ್ದರೆ ಎಣ್ಣೆಯನ್ನು ಹೇಗೆ ತಿಳಿಯುವುದು?

ಬಾಲ್ ಓದಿ. ಲೇನನ್ನು ಬಗ್ಗಿ ನೋಡಿ ಎಣ್ಣೆ ಅಳೆಯಲು ಯಾರಿಂದಲೂ ಆಗುವುದಿಲ್ಲ, ಪದರ ಅಷ್ಟು ತೆಳು.

ಅಭ್ಯಾಸದ ಹತ್ತು ನಿಮಿಷದಲ್ಲಿ ನಿಮಗೆ ಚೆನ್ನಾಗಿ ಪರಿಚಯವಿರುವ ಒಂದೇ ಬಾಲ್ ಹಿಡಿಯಿರಿ. ಲೇನಿನಲ್ಲಿ ಗುರಿಗೆಂದು ಇರುವ ಬಾಣಗಳಲ್ಲಿ ಎರಡನೆಯದರ ಮೇಲೆ, ಅಂದರೆ 10ನೇ ಬೋರ್ಡ್ ಮೇಲೆ, ಒಂದೇ ವೇಗದಲ್ಲಿ ಎರಡು ಎಸೆತ. ಆಮೇಲೆ ಐದು ಬೋರ್ಡ್ ಬಲಕ್ಕೆ ಒಂದು, ಐದು ಬೋರ್ಡ್ ಎಡಕ್ಕೆ ಒಂದು. ಬಲಕ್ಕೆ ಬಿಟ್ಟದ್ದು ಮರಳಿ ಬಂದರೆ ಹೊರಗೆ ಒಣಗಿದೆ. ಎಡಕ್ಕೆ ಬಿಟ್ಟದ್ದು ಪಾಕೆಟ್ ಬಳಿಯೇ ನಿಂತರೆ ನಡುವೆ ಎಣ್ಣೆ ಚೆನ್ನಾಗಿದೆ. ಎಲ್ಲಿ ಬಿಟ್ಟರೂ ಒಂದೇ ಥರ ಹೋದರೆ ಪ್ಯಾಟರ್ನ್ ಚಪ್ಪಟೆ, ಅಂದರೆ ಅಗಲಕ್ಕೂ ಎಣ್ಣೆ ಹೆಚ್ಚುಕಡಿಮೆ ಒಂದೇ ಸಮ. ಈ ಹೊತ್ತಿನಲ್ಲಿ ಸ್ಟ್ರೈಕ್ (ಮೊದಲ ಎಸೆತಕ್ಕೇ ಎಲ್ಲ ಪಿನ್) ಬಿತ್ತೇ ಇಲ್ಲವೇ ಎಂಬುದು ಗಣನೆಗೆ ಬರುವುದಿಲ್ಲ. ಕಣ್ಣು 35 ಅಡಿಯಿಂದ ಪಿನ್‌ವರೆಗಿನ ಹಾದಿಯ ಮೇಲಿರಲಿ.

ವಾಪಸ್ ಬಂದ ಬಾಲನ್ನು ಒರೆಸುವ ಮುನ್ನ ಬೆಳಕಿಗೆ ಹಿಡಿದು ತಿರುಗಿಸಿ. ಬಳೆಗಳಂತೆ ಎಣ್ಣೆಯ ಗೆರೆಗಳು ಕಾಣುತ್ತವೆ. ಎರಡು ಜಾಗದಲ್ಲಿ ಅವು ಒಂದಕ್ಕೊಂದು ಸೇರಿ, ಉಳಿದೆಡೆ ಬಿಚ್ಚಿಕೊಂಡು ಬೋ ಟೈ ಆಕಾರ ಮೂಡಿರುತ್ತದೆ. ಗೆರೆಗಳ ನಡುವಿನ ಅಂತರವೇ ಫ್ಲೇರ್, ಪ್ರತಿ ಸುತ್ತಿನಲ್ಲೂ ಬಾಲ್ ತನ್ನ ಹೊಸ ಒಣ ಭಾಗವನ್ನು ಲೇನಿಗೆ ತಾಗಿಸಿದ್ದರ ಗುರುತು. ಗೆರೆಗಳು ದಪ್ಪಗೆ ಒದ್ದೆಯಾಗಿದ್ದು ಟವೆಲ್ ಜಾರಿದರೆ ಲೇನಿನಲ್ಲಿ ಎಣ್ಣೆ ಧಾರಾಳ. ನಾಲ್ಕೈದು ಎಸೆತದ ಬಳಿಕವೂ ಗೆರೆಗಳು ಮಸುಕಾಗಿದ್ದರೆ, ಒಂದೋ ಎಣ್ಣೆ ತೆಳು, ಇಲ್ಲವೇ ನೀವು ಒಣ ಜಾಗದಲ್ಲೇ ಆಡುತ್ತಿದ್ದೀರಿ.

ಕವರ್‌ಸ್ಟಾಕ್‌ಗಳಲ್ಲಿ ಏನು ವ್ಯತ್ಯಾಸ?

ಕವರ್‌ಸ್ಟಾಕ್ ಎಂದರೆ ಬಾಲಿನ ಹೊರಕವಚ. ಪಾಲಿಯೆಸ್ಟರ್, ಎಲ್ಲರ ಬಾಯಲ್ಲಿ ಪ್ಲಾಸ್ಟಿಕ್, ಎಣ್ಣೆ ಹೀರುವುದಿಲ್ಲ, ಒಣ ಜಾಗದಲ್ಲೂ ಹೆಚ್ಚು ಹಿಡಿಯುವುದಿಲ್ಲ. ನೇರ ಹೋಗಬೇಕಾದ ಸ್ಪೇರ್‌ಗಳಿಗೆ, ಅಂದರೆ ಮೊದಲ ಎಸೆತದಲ್ಲಿ ಉಳಿದ ಪಿನ್ ಬೀಳಿಸಲು, ಇದಕ್ಕಿಂತ ಒಳ್ಳೆಯದಿಲ್ಲ. ಯುರೆಥೇನ್ 1980ರ ದಶಕದ ಆರಂಭದಲ್ಲಿ ಬಂತು. ಅದು ಬೇಗ ಹಿಡಿದು ನಿಧಾನವಾಗಿ, ಕಮಾನಿನಂತೆ ತಿರುಗುತ್ತದೆ. 1990ರ ದಶಕದ ಆರಂಭದಲ್ಲಿ ಬಂದ ರಿಯಾಕ್ಟಿವ್ ರೆಸಿನ್ ಆಟವನ್ನೇ ಬದಲಿಸಿತು. ಅದರ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ, ಎಣ್ಣೆಯನ್ನು ಹೀರಿಕೊಂಡು ಲೇನನ್ನು ಹಿಡಿಯುತ್ತವೆ, ಒಣ ಜಾಗದಲ್ಲಿ ಥಟ್ಟನೆ ತಿರುಗುತ್ತವೆ.

ರಿಯಾಕ್ಟಿವ್‌ನಲ್ಲೇ ಮೂರು ಬಗೆ. ಸಾಲಿಡ್ ಬೇಗ ಹಿಡಿಯುತ್ತದೆ, ದಟ್ಟ ಎಣ್ಣೆಗೆ ಸರಿ. ಪರ್ಲ್ ಹೆಚ್ಚು ದೂರ ಜಾರಿ ಕೊನೆಯಲ್ಲಿ ಚುರುಕಾಗಿ ತಿರುಗುತ್ತದೆ, ಮಧ್ಯಮ ಅಥವಾ ಸವೆದ ಎಣ್ಣೆಗೆ ಸರಿ. ಹೈಬ್ರಿಡ್ ಇವೆರಡರ ಮಿಶ್ರಣ. ಪರ್ಲ್ ಬಾಲಿನ ಹೊಳಪಿನ ಹುಡಿ ಬರೀ ಅಲಂಕಾರವಲ್ಲ, ಮೇಲ್ಮೈ ಲೇನಿಗೆ ತಾಗುವ ಬಗೆಯನ್ನೇ ಅದು ಬದಲಿಸುತ್ತದೆ. ಆದರೂ ಹೆಸರಿಗೆ ಮೋಸಹೋಗಬೇಡಿ: 1000 ಗ್ರಿಟ್‌ಗೆ (ಉಜ್ಜುವ ಪ್ಯಾಡಿನ ಒರಟುತನ ಹೇಳುವ ಅಂಕಿ) ಉಜ್ಜಿದ ಪರ್ಲ್, ಪಾಲಿಶ್ ಮಾಡಿದ ಸಾಲಿಡ್‌ಗಿಂತ ಎಷ್ಟೋ ಮೊದಲೇ ಹಿಡಿಯುತ್ತದೆ.

ಕೋರ್, ಕವರ್, ಡ್ರಿಲ್ಲಿಂಗ್: ಇವುಗಳಲ್ಲಿ ಯಾವುದು ಹೆಚ್ಚು ಮುಖ್ಯ?

ಕವರ್, ಅದರಲ್ಲೂ ಅದರ ಮೇಲ್ಮೈಯ ಒರಟುತನ. ಬಾಲ್ ಎಷ್ಟು ಅಡಿಗೆ ಹಿಡಿಯುತ್ತದೆ ಎಂಬುದನ್ನು ಇದರಷ್ಟು ಬದಲಿಸುವ ಸಂಗತಿ ಇನ್ನೊಂದಿಲ್ಲ. ಹೊಸ ಬಾಲ್ ಕೊಳ್ಳುವ ಮೊದಲು, ಇರುವ ಬಾಲಿನ ಮೇಲ್ಮೈಯನ್ನು ಬದಲಿಸಿ ನೋಡಿ ಎಂದು ನಾವು ಒತ್ತಿ ಹೇಳುವುದು ಇದಕ್ಕೇ. ಹತ್ತು ನಿಮಿಷದ ಕೆಲಸ, ಒಂದು ಪ್ಯಾಡ್ ಸಾಕು. ಇಷ್ಟನ್ನೂ ಮಾಡದೆ ಮೂರನೇ, ನಾಲ್ಕನೇ ಬಾಲ್ ಕೊಂಡವರು ಬಹಳ ಮಂದಿ.

ಕೋರ್ ಎರಡನೆಯದು. ಅದರ ಎರಡು ಅಂಕಿಗಳನ್ನು ತಿಳಿದರೆ ಸಾಕು. ಆರ್‌ಜಿ (ಬಾಲಿನ ಭಾರ ನಡುವಿನಿಂದ ಎಷ್ಟು ದೂರ ಹರಡಿದೆ ಎಂಬ ಅಳತೆ) ಕಡಿಮೆಯಿದ್ದರೆ ಬಾಲ್ ಬೇಗ ಉರುಳಲು ಶುರುಮಾಡುತ್ತದೆ, ಹೆಚ್ಚಿದ್ದರೆ ತಡವಾಗಿ. ಅಮೆರಿಕದ ಬೌಲಿಂಗ್ ಆಡಳಿತ ಸಂಸ್ಥೆ ಯುಎಸ್‌ಬಿಸಿಯ ನಿಯಮ ಒಪ್ಪುವ ಮಿತಿ 2.460ರಿಂದ 2.800. ಬಲವಾದ ಬಾಲ್‌ಗಳು ಸಾಮಾನ್ಯವಾಗಿ 2.46ರಿಂದ 2.52ರೊಳಗೆ ಇರುತ್ತವೆ. ಡಿಫರೆನ್ಶಿಯಲ್ (ಬಾಲಿನ ಅತಿ ಹೆಚ್ಚು ಮತ್ತು ಅತಿ ಕಡಿಮೆ ಆರ್‌ಜಿಗಳ ವ್ಯತ್ಯಾಸ) ಹೆಚ್ಚಿದಷ್ಟೂ ಫ್ಲೇರ್ ಹೆಚ್ಚು. ಅದರ ಮೇಲ್ಮಿತಿ 0.060. 0.045 ದಾಟಿದ್ದು ದಟ್ಟ ಎಣ್ಣೆಗೆ, 0.030ಕ್ಕಿಂತ ಕಡಿಮೆಯಿದ್ದು ಒಣ ಲೇನಿಗೆ. ಅಸಿಮ್ಮೆಟ್ರಿಕ್ (ಆಕಾರ ಸಮವಲ್ಲದ) ಕೋರ್ ಎಣ್ಣೆಯಿಂದ ಹೊರಬಂದಾಗ ಚೂಪಾಗಿ ತಿರುಗುತ್ತದೆ, ಸಿಮ್ಮೆಟ್ರಿಕ್ ಮೆತ್ತಗೆ, ಊಹೆಗೆ ಸಿಗುವಂತೆ ತಿರುಗುತ್ತದೆ.

ಡ್ರಿಲ್ಲಿಂಗ್, ಅಂದರೆ ಬೆರಳಿನ ರಂಧ್ರ ಎಲ್ಲಿ ಕೊರೆದಿದೆ ಎಂಬುದು, ಮೂರನೆಯದು. ಬಾಲ್ ಮೇಲಿನ ಪಿನ್‌ನಿಂದ (ಕೋರಿನ ಮೇಲ್ತುದಿ ತೋರಿಸುವ ಬಣ್ಣದ ಚುಕ್ಕೆ) ನಿಮ್ಮ ಪಿಎಪಿವರೆಗಿನ (ಕೈಬಿಟ್ಟಾಗ ಬಾಲ್ ಸುತ್ತುವ ಅಕ್ಷದ ತುದಿ) ದೂರ 3⅜ ಇಂಚಿನ ಆಸುಪಾಸಿನಲ್ಲಿದ್ದರೆ ಫ್ಲೇರ್ ಅತಿ ಹೆಚ್ಚು, ಅಲ್ಲಿಂದ ಎರಡೂ ಕಡೆ ಕಡಿಮೆಯಾಗುತ್ತದೆ. ತಪ್ಪು ಬಾಲನ್ನು ಸರಿಯಾದ ಬಾಲ್ ಮಾಡುವ ಶಕ್ತಿ ಡ್ರಿಲ್ಲಿಂಗ್‌ಗೆ ಇಲ್ಲ.

ಮೇಲ್ಮೈಯನ್ನು ಬದಲಿಸುವುದು ಹೇಗೆ?

ಅಬ್ರಲಾನ್ ಥರದ ಫೋಮ್ ಪ್ಯಾಡ್‌ಗಳು ಬೇಕು: 500, 1000, 2000, 4000 ಇದ್ದರೆ ಸಾಕು. ಅಂಕಿ ಚಿಕ್ಕದಾದಷ್ಟೂ ಒರಟು. ದಟ್ಟ ಎಣ್ಣೆಗೆ 1000ದಿಂದ 2000, ಮಧ್ಯಮಕ್ಕೆ 3000 ಅಥವಾ 4000, ತೆಳು ಎಣ್ಣೆಗೆ ಪಾಲಿಶ್ ಎಂಬುದು ಶುರುವಿಗೆ ಒಳ್ಳೆಯ ಅಳತೆ.

ಮೊದಲು ಬಾಲನ್ನು ಕ್ಲೀನರ್‌ನಿಂದ ತೊಳೆಯಿರಿ. ಎಣ್ಣೆಯ ಮೇಲೆ ಉಜ್ಜಿದರೆ ಪ್ಯಾಡ್ ಕಟ್ಟಿಕೊಂಡು ಜಾರುತ್ತದೆ. ಪ್ಯಾಡನ್ನೂ ಬಾಲನ್ನೂ ನೀರಿನಿಂದ ಒದ್ದೆ ಮಾಡಿ. ಸ್ಪಿನ್ನರ್ (ಬಾಲ್ ತಿರುಗಿಸುವ ಯಂತ್ರ) ಇದ್ದರೆ ಬಾಲನ್ನು ಕೂರಿಸಿ, ಅಂಗೈಯಿಂದ ಹಗುರವಾಗಿ ಒತ್ತಿ, ಮೇಲಿನ ತುದಿಯಿಂದ ನಡುವಿನವರೆಗೆ ಹೋಗಿ ಬಂದು 20–30 ಸೆಕೆಂಡ್ ಉಜ್ಜಿ. ತಲೆಕೆಳಗೆ ಮಾಡಿ ಮತ್ತೆ ಉಜ್ಜಿ. ಅನಂತರ ಬೆರಳಿನ ರಂಧ್ರಗಳು ಪಕ್ಕಕ್ಕೆ ಬರುವಂತೆ ತಿರುಗಿಸಿ ಇನ್ನೆರಡು ಬಾರಿ. ಹೀಗೆ ಒಟ್ಟು ನಾಲ್ಕು ಬದಿ ಆಗಬೇಕು. ಎರಡೇ ಬದಿಗೆ ನಿಲ್ಲಿಸಿದರೆ ಗೀರುಗಳೆಲ್ಲ ಒಂದೇ ದಿಕ್ಕಿಗೆ ಬೀಳುತ್ತವೆ, ಬಾಲಿನ ನಡತೆ ಒಂದೇ ಸಮ ಇರುವುದಿಲ್ಲ. 2000 ಬೇಕಿದ್ದರೆ 500, 1000, 2000 ಎಂದು ಮೆಟ್ಟಿಲೇರುತ್ತ ಹೋಗಿ. ಸ್ಪಿನ್ನರ್ ಇಲ್ಲದವರು ಬಾಲನ್ನು ಬಕೆಟ್ಟಿನ ಬಾಯಿಯ ಮೇಲೆ ಟವೆಲ್ ಹಾಸಿ ಕೂರಿಸಿ, ಚಿಕ್ಕ ವೃತ್ತಗಳಲ್ಲಿ ಕೈಯಿಂದ ಉಜ್ಜಬಹುದು. ಸಮಯ ಹೆಚ್ಚು ಹಿಡಿಯುತ್ತದೆ, ಫಲ ಕೆಟ್ಟದಾಗಿರುವುದಿಲ್ಲ.

ಇಲ್ಲಿ ಕೆಡುವುದು ಎರಡು ಕಡೆ. ಪ್ಯಾಡ್ ಸವೆಯುತ್ತದೆ: ಹಲವು ಬಾಲ್ ಉಜ್ಜಿದ 1000ದ ಪ್ಯಾಡ್ ಕೊಡುವ ಮೇಲ್ಮೈ 2000ಕ್ಕೆ ಹತ್ತಿರ. ಇನ್ನೊಂದು, ಪಾಲಿಶ್‌ನ ಅಡಿಯಲ್ಲಿರುವ ಗ್ರಿಟ್ಟನ್ನು ಮರೆಯುವುದು. 500ರ ಮೇಲೆ ಹಚ್ಚಿದ ಪಾಲಿಶ್ ಮತ್ತು 4000ದ ಮೇಲೆ ಹಚ್ಚಿದ ಪಾಲಿಶ್ ಕಣ್ಣಿಗೆ ಒಂದೇ ಥರ ಹೊಳೆಯುತ್ತವೆ, ಲೇನಿನ ಮೇಲೆ ಒಂದೇ ಥರ ಓಡುವುದಿಲ್ಲ.

ಒಮ್ಮೆ ಉಜ್ಜಿದ ಮೇಲ್ಮೈ ಎಷ್ಟು ದಿನ ಉಳಿಯುತ್ತದೆ?

ಅನೇಕರು ಅಂದುಕೊಂಡದ್ದಕ್ಕಿಂತ ಕಡಿಮೆ. ಲೇನ್ ತಾನೇ ಬಾಲನ್ನು ಪಾಲಿಶ್ ಮಾಡುತ್ತದೆ. 1000 ಅಥವಾ 2000ದ ಒರಟುತನ ಮೊದಲ ಕೆಲವು ಗೇಮ್‌ಗಳಲ್ಲೇ ತಗ್ಗಲು ಶುರುವಾಗುತ್ತದೆ, ಅದೂ ಬಾಲ್ ಉರುಳುವ ಪಟ್ಟಿಯಲ್ಲಿ ಮಾತ್ರ. ಬೆಳಕಿಗೆ ಓರೆಯಾಗಿ ಹಿಡಿದರೆ ಮಸುಕು ಬಾಲಿನ ಮೇಲೆ ಹೊಳೆಯುವ ಪಟ್ಟಿಯೊಂದು ಕಾಣುತ್ತದೆ. ಅದು ಕಂಡರೆ ಬೇಕಾದ ಪ್ಯಾಡ್‌ನಿಂದ ಮತ್ತೆ ಒಂದು ಕೈ ಉಜ್ಜಿ. 50–60 ಗೇಮ್‌ಗೆ ಒಮ್ಮೆ 500ರಿಂದ ಪೂರ್ತಿ ಹೊಸದಾಗಿ ಮಾಡಿಸುವುದು ಒಳ್ಳೆಯ ಪದ್ಧತಿ.

ನನ್ನ ವೇಗ, ನನ್ನ ಸುತ್ತು: ಇವು ಬಾಲ್ ಆಯ್ಕೆಯನ್ನು ಬದಲಿಸುತ್ತವೆಯೇ?

ಪೂರ್ತಿಯಾಗಿ. ಪಕ್ಕದ ಲೇನಿನವರಿಗೆ ಸ್ಟ್ರೈಕ್ ತಂದ ಬಾಲ್ ಅದೇ ಎಣ್ಣೆಯ ಮೇಲೆ ನಿಮಗೆ ದಂಡ ಅನ್ನಿಸಲು ಕಾರಣ ಇದೇ. ವೇಗ ಹೆಚ್ಚು, ಸುತ್ತು ಕಡಿಮೆ ಇದ್ದವರ ಬಾಲ್‌ಗೆ ಹಿಡಿಯಲು ಸಮಯ ಸಿಗುವುದಿಲ್ಲ. ಅವರು ಎಣ್ಣೆ ಕೇಳುವುದಕ್ಕಿಂತ ಒಂದು ಮೆಟ್ಟಿಲು ಬಲವಾದ, ಒರಟಾದ ಬಾಲ್ ತಗೊಳ್ಳಬೇಕು. ಸುತ್ತು ಹೆಚ್ಚು, ವೇಗ ಕಡಿಮೆ ಇದ್ದವರು ಒಂದು ಮೆಟ್ಟಿಲು ಇಳಿಯಬೇಕು. ಎರಡು ಕೈಯಲ್ಲಿ ಎಸೆಯುವವರು ಬಹುಮಟ್ಟಿಗೆ ಈ ಎರಡನೇ ಗುಂಪಿಗೆ ಸೇರುತ್ತಾರೆ, ಅವರಿಗೆ ಅತಿ ಬಲವಾದ ಬಾಲ್ ಕೊಟ್ಟರೆ ಮೂಗಿಗಿಂತ ಮೂಗುತಿ ಭಾರ.

ಅಳೆಯುವುದು ಸುಲಭ. ವೇಗ ಹಲವು ಕಡೆ ಪರದೆಯ ಮೇಲೇ ಬರುತ್ತದೆ. ಸುತ್ತಿಗೆ ಬಾಲ್ ಮೇಲೆ ಬಿಳಿ ಟೇಪಿನ ತುಂಡು ಅಂಟಿಸಿ, ಹಿಂದಿನಿಂದ ಫೋನಿನಲ್ಲಿ ಸೆಕೆಂಡಿಗೆ 240 ಫ್ರೇಮ್‌ನ ನಿಧಾನಗತಿಯ ವಿಡಿಯೊ ತೆಗೆಸಿ. ಕೈಬಿಟ್ಟ ಕೂಡಲೇ ಟೇಪ್ ಒಂದು ಪೂರ್ತಿ ಸುತ್ತು ಬರಲು ಎಷ್ಟು ಫ್ರೇಮ್ ಬೇಕಾಯಿತೆಂದು ಎಣಿಸಿ. 14,400ನ್ನು ಆ ಸಂಖ್ಯೆಯಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಸುತ್ತು ಎಂಬುದು ಸಿಗುತ್ತದೆ. 48 ಫ್ರೇಮ್ ಆದರೆ 300, 36 ಆದರೆ 400, 60 ಆದರೆ 240. ಒಂದು ಎಸೆತ ನಂಬಬೇಡಿ, ಐದರ ಸರಾಸರಿ ತೆಗೆಯಿರಿ. ಪರದೆಯಲ್ಲಿ ಗಂಟೆಗೆ 16–17 ಮೈಲಿ ವೇಗ, ಅಂದರೆ 26–27 ಕಿ.ಮೀ., ಅದರ ಜೊತೆ 300ರಿಂದ 350 ಸುತ್ತು ಇದ್ದರೆ ಎರಡೂ ಹೆಚ್ಚುಕಡಿಮೆ ಹೊಂದಿಕೊಂಡಿವೆ.

ಬಾಲ್ ಸಾಕಷ್ಟು ತಿರುಗುತ್ತಿಲ್ಲ. ಇನ್ನೂ ಬಲವಾದದ್ದು ಕೊಳ್ಳಲೇ?

ನಿಲ್ಲಿ. ಆಟಗಾರರು ಅತಿ ಹೆಚ್ಚು ಎಡವುವ ಜಾಗ ಇದು, ಎಷ್ಟೋ ಸಲ ಉತ್ತರ ತೀರಾ ತಿರುವುಮುರುವು.

ಬಾಲ್‌ಗೆ ಮೂರು ಘಟ್ಟಗಳಿವೆ: ಜಾರುವುದು, ತಿರುಗುವುದು, ಉರುಳುವುದು. ಪಿನ್‌ಗೆ ತಾಗುವ ಹೊತ್ತಿಗೆ ಅದು ಆಗಷ್ಟೇ ಉರುಳಲು ಶುರುಮಾಡಿರಬೇಕು. ಆಗ ಸುಮಾರು 6 ಡಿಗ್ರಿಯ ಕೋನದಲ್ಲಿ ಪಾಕೆಟ್ ಹೊಕ್ಕು ಪಿನ್‌ಗಳ ನಡುವೆ ನುಗ್ಗುತ್ತದೆ. ಎಣ್ಣೆ ದಟ್ಟವಾಗಿದ್ದು ಬಾಲ್ ದುರ್ಬಲವಾಗಿದ್ದರೆ ಅದು ಕೊನೆಯವರೆಗೂ ಜಾರುತ್ತ ಹೋಗಿ ತಿರುಗುವುದೇ ಇಲ್ಲ. ಆದರೆ ಎಣ್ಣೆ ತೆಳುವಾಗಿದ್ದು ಬಾಲ್ ಅತಿ ಬಲವಾಗಿದ್ದರೂ ಇಂಥದ್ದೇ ನೋಟ ಕಾಣುತ್ತದೆ: ಅದು 25–30 ಅಡಿಯಲ್ಲೇ ಹಿಡಿದು, ತಿರುಗುವ ಶಕ್ತಿಯನ್ನೆಲ್ಲ ಅಲ್ಲೇ ಸುರಿದು, ಕೊನೆಯ ಹದಿನೈದು ಅಡಿ ನೇರವಾಗಿ ಉರುಳುತ್ತದೆ. ಎರಡೂ ಬಾಲ್ ಪಾಕೆಟ್‌ನ ಬಲಕ್ಕೆ ಬರುತ್ತವೆ, ಎರಡೂ ಪಿನ್ ತಾಗಿ ಬದಿಗೆ ಸರಿಯುತ್ತವೆ. ಕಾರಣ ಮಾತ್ರ ಒಂದಕ್ಕೊಂದು ವಿರುದ್ಧ. ಎರಡನೆಯವರು ಇನ್ನೂ ಬಲವಾದ ಬಾಲ್ ಕೊಂಡರೆ ಅದು ಇನ್ನೂ ಬೇಗ ಸುಸ್ತಾಗುತ್ತದೆ.

ಯಾವುದು ನಿಮ್ಮದೆಂದು ತಿಳಿಯಲು ಬಾಲ್ ಮೇಲಿನ ಟೇಪ್ ಅಥವಾ ಲೋಗೊ ನೋಡಿ. ಪಿನ್ ಹತ್ತಿರವೂ ಅದು ಓರೆಯಾಗಿ ಸುತ್ತುತ್ತಿದ್ದರೆ ಶಕ್ತಿ ಇನ್ನೂ ಉಳಿದಿದೆ, ಬಾಲ್ ತಡವಾಗುತ್ತಿದೆ, ಮೇಲ್ಮೈ ಒರಟು ಮಾಡಿ. 45 ಅಡಿಯಲ್ಲೇ ಅದು ಗಾಡಿಯ ಚಕ್ರದಂತೆ ನೆಟ್ಟಗೆ ಉರುಳುತ್ತಿದ್ದರೆ ಶಕ್ತಿ ಮುಗಿದಿದೆ. ಕಣ್ಣಿಗೆ ಸಿಗದಿದ್ದರೆ ಪರೀಕ್ಷೆ ಮಾಡಿ: ಪಾದ ನಾಲ್ಕು ಬೋರ್ಡ್, ಗುರಿ ಎರಡು ಬೋರ್ಡ್ ಎಡಕ್ಕೆ ಸರಿಸಿ, ಹೊಳಪಿನ ಬಾಲ್ ಎಸೆಯಿರಿ. ಕೊನೆಯಲ್ಲಿ ಅದು ಚುರುಕಾಗಿ ತಿರುಗಿ ಪಿನ್‌ಗಳನ್ನು ಹೊಡೆದರೆ ನಿಮ್ಮ ಸಮಸ್ಯೆ ಬಲ ಹೆಚ್ಚಾದದ್ದು, ಕಡಿಮೆಯಾದದ್ದಲ್ಲ.

ಉಳಿದ ಪಿನ್‌ಗಳಿಂದ ಏನು ತಿಳಿಯುತ್ತದೆ?

10 ಪಿನ್ ಉಳಿದಾಗ 6 ಪಿನ್ ಏನು ಮಾಡಿತೆಂದು ನೋಡಿ. 6 ಪಿನ್ ಹಾರಿ 10ರ ಕತ್ತಿನ ಮುಂದೆ ಸುತ್ತಿ ಹೋದರೆ ಎಸೆತ ಒಳ್ಳೆಯದೇ ಇತ್ತು, ಒಂದು ಬೋರ್ಡ್ ಬದಲಾವಣೆ ಸಾಕು. 6 ಪಿನ್ ಸೋತಂತೆ ಗಟರಿಗೆ ಬಿದ್ದು ಮಲಗಿದರೆ (ಇದೇ ಚಪ್ಪಟೆ 10 ಪಿನ್) ಬಾಲ್‌ಗೆ ಶಕ್ತಿಯಿಲ್ಲ, ಹಿಂದಿನ ಪ್ರಶ್ನೆಯ ಪರೀಕ್ಷೆ ಮಾಡಿ. 5 ಪಿನ್ ಉಳಿದರೆ ಬಾಲ್ ಹಗುರವಾಗಿ ತಾಗಿ ಬದಿಗೆ ಸರಿದಿದೆ. 4 ಪಿನ್, ಅಥವಾ ಗಟ್ಟಿ 9 ಪಿನ್ (ಪಾಕೆಟ್‌ಗೆ ಚೆನ್ನಾಗಿ ಬಿದ್ದರೂ ನಿಂತದ್ದು) ಉಳಿದರೆ ಬಾಲ್ ಎತ್ತರಕ್ಕೆ, ಅಂದರೆ ಹೆಡ್ ಪಿನ್ನಿನ ನಡುವಿಗೆ ಹತ್ತಿರವಾಗಿ, ಅಥವಾ ಅತಿ ಚೂಪಾದ ಕೋನದಲ್ಲಿ ಬಂದಿದೆ, ಎಡಕ್ಕೆ ಸರಿಯುವ ಹೊತ್ತು. 2–8–10 ಪದೇ ಪದೇ ಉಳಿದರೆ ಬಾಲ್ ಆ ಎಣ್ಣೆಗೆ ಸಾಲದು. ಒಂದೇ ಎಸೆತ ನೋಡಿ ತೀರ್ಮಾನಿಸಬೇಡಿ, ಎರಡು ಸಲ ಒಂದೇ ಥರ ಆದರೆ ನಂಬಿ.

ಆಟ ಮುಂದುವರಿದಂತೆ ಎಣ್ಣೆ ಬದಲಾಗುತ್ತದೆಯಲ್ಲ, ಬಾಲ್ ಯಾವಾಗ ಬದಲಿಸಬೇಕು?

ರಿಯಾಕ್ಟಿವ್ ಬಾಲ್‌ಗಳು ಎಲ್ಲರೂ ಆಡುವ ಹಾದಿಯ ಎಣ್ಣೆಯನ್ನು ಹೀರಿ ತೆಗೆಯುತ್ತವೆ. ನಿಮ್ಮ ಬಾಲ್ ಮೊದಲಿಗಿಂತ ಬೇಗ ತಿರುಗಿ ಎತ್ತರಕ್ಕೆ ಬರತೊಡಗಿದರೆ ಅದೇ ಕಾರಣ. ಮೊದಲ ಮದ್ದು ಪಾದ, ಬಾಲ್ ಅಲ್ಲ. ಪಾದ ಎರಡು ಬೋರ್ಡ್ ಎಡಕ್ಕೆ, ಗುರಿ ಒಂದು ಬೋರ್ಡ್ ಎಡಕ್ಕೆ. ಪಾಕೆಟ್ ಸಿಗುವವರೆಗೂ, ಪಿನ್ ಚೆನ್ನಾಗಿ ಬೀಳುವವರೆಗೂ ಹೀಗೇ ಸರಿಯುತ್ತ ಹೋಗಿ. ಪಾಕೆಟ್ ಸಿಕ್ಕರೂ ಚಪ್ಪಟೆ 10 ಪಿನ್ ಉಳಿಯತೊಡಗಿತೆಂದರೆ ಆ ಬಾಲಿನ ಸರದಿ ಮುಗಿಯಿತು, ಒಂದು ಮೆಟ್ಟಿಲು ದುರ್ಬಲ, ಹೊಳಪಿನ ಬಾಲ್ ತೆಗೆಯಿರಿ. ತಡಮಾಡುವುದು ದೊಡ್ಡ ತಪ್ಪು. ಒಂದು ಸ್ಪ್ಲಿಟ್ (ದೂರ ದೂರ ಉಳಿದ ಪಿನ್‌ಗಳು) ಬಿದ್ದ ಮೇಲೆ ಬದಲಿಸುವುದಕ್ಕಿಂತ, ಬಾಲ್ ಅರ್ಧ ಪಿನ್ ಎತ್ತರಕ್ಕೆ ಬಂದಾಗಲೇ ಸರಿಯುವುದು ಮೇಲು.

ಜೊತೆಯಲ್ಲಿ ಯುರೆಥೇನ್ ಅಥವಾ ಪ್ಲಾಸ್ಟಿಕ್ ಆಡುವವರಿದ್ದರೆ ಇನ್ನೊಂದು ಬದಲಾವಣೆ ಕಾಣಬಹುದು. ಆ ಬಾಲ್‌ಗಳು ಎಣ್ಣೆ ಹೀರುವುದಿಲ್ಲ, ಮುಂದಕ್ಕೆ ಹೊತ್ತೊಯ್ದು ಒಣ ಜಾಗದ ಮೇಲೆ ಬಳಿಯುತ್ತವೆ. ಆಗ ನಿಮ್ಮ ಬಾಲ್ 40–45 ಅಡಿಯಲ್ಲಿ ತಿರುಗದೆ ಜಾರುತ್ತದೆ. ಮೊದಲೇ ಹಿಡಿಯುವ, ಒರಟು ಮೇಲ್ಮೈಯ ಬಾಲ್ ತೆಗೆಯಿರಿ, ಇಲ್ಲವೇ ಅವರ ಹಾದಿ ಬಿಟ್ಟು ಆಡಿ.

ಎಡಗೈಯವರಿಗೂ ಇಷ್ಟೇ ಬೇಗ ಬದಲಾಗುತ್ತದೆಯೇ?

ಸಾಮಾನ್ಯವಾಗಿ ಇಲ್ಲ. ಆ ಬದಿಯಲ್ಲಿ ಆಡುವವರು ಕಡಿಮೆ, ಎಣ್ಣೆ ನಿಧಾನವಾಗಿ ಸವೆಯುತ್ತದೆ.

ಎಷ್ಟು ಬಾಲ್ ಬೇಕು, ಯಾವ ಕ್ರಮದಲ್ಲಿ ಕೊಳ್ಳಬೇಕು?

ಮೊದಲನೆಯದು ಪ್ಲಾಸ್ಟಿಕ್ ಸ್ಪೇರ್ ಬಾಲ್. ಇದನ್ನು ಕೊನೆಗೆ ಬಿಟ್ಟವರು ಪ್ರತಿ ಗೇಮ್‌ನಲ್ಲೂ 10 ಪಿನ್‌ಗೆ ತಿರುಗುವ ಬಾಲ್ ಎಸೆದು ಅಂಕ ಕಳೆದುಕೊಳ್ಳುತ್ತಾರೆ. ಎರಡನೆಯದು ಅಳತೆಗೋಲಿನ ಬಾಲ್: ಸಿಮ್ಮೆಟ್ರಿಕ್ ಕೋರ್, ಸಾಲಿಡ್ ಅಥವಾ ಹೈಬ್ರಿಡ್ ಕವರ್, ನಡುವಿನ ಆರ್‌ಜಿ, 2000–3000 ಗ್ರಿಟ್. ಎಲ್ಲ ಲೇನ್‌ನಲ್ಲೂ ಮೊದಲು ಕೈಗೆ ಬರಬೇಕಾದ್ದು ಇದು, ಏಕೆಂದರೆ ಇದರ ನಡತೆಯಲ್ಲಿ ಅಚ್ಚರಿಗಳಿಲ್ಲ, ಕಂಡದ್ದೆಲ್ಲ ಎಣ್ಣೆಯ ಸುದ್ದಿ. ಮೂರನೆಯದು ಎಣ್ಣೆ ಸವೆದ ಮೇಲೆ ಆಡುವ ಹೊಳಪಿನ ಪರ್ಲ್. ನಾಲ್ಕನೆಯದು ದಟ್ಟ ಎಣ್ಣೆಗೆ ಅಸಿಮ್ಮೆಟ್ರಿಕ್ ಸಾಲಿಡ್. ಹೌಸ್ ಪ್ಯಾಟರ್ನ್‌ನಲ್ಲಿ ಮಾತ್ರ ಆಡುವವರಿಗೆ ಮೊದಲ ಮೂರು ಸಾಕು, ನಾಲ್ಕನೆಯದನ್ನೇ ಮೊದಲು ಕೊಳ್ಳುವುದು ನಾವು ಕಾಣುವ ಸಾಮಾನ್ಯ ತಪ್ಪು. ಚಿಕ್ಕ ಪ್ಯಾಟರ್ನ್‌ಗಳಲ್ಲಿ ಸ್ಪರ್ಧಿಸುವವರು ಐದನೆಯದಾಗಿ ಯುರೆಥೇನ್ ಸೇರಿಸಬಹುದು.

ಎರಡು ಬಾಲ್‌ಗಳ ನಡುವೆ ಐದಾರು ಬೋರ್ಡ್‌ನಷ್ಟು ವ್ಯತ್ಯಾಸ ಕಾಣಬೇಕು. ಎರಡು ಬೋರ್ಡ್‌ನ ವ್ಯತ್ಯಾಸ ಇದ್ದರೆ ಒಂದೇ ಕೆಲಸಕ್ಕೆ ಎರಡು ಬಾಲ್ ಹೊತ್ತಂತೆ.

ದಟ್ಟ ಎಣ್ಣೆಗೆ ಭಾರದ ಬಾಲ್, ತೆಳು ಎಣ್ಣೆಗೆ ಹಗುರದ್ದು ಎನ್ನುವುದು ಸರಿಯೇ?

ತಪ್ಪು. ಗರಿಷ್ಠ ತೂಕ 16 ಪೌಂಡ್. ನಿಮ್ಮ ಮೈಗೆ ಒಗ್ಗುವ ತೂಕ ಯಾವುದೋ ಎಲ್ಲ ಬಾಲ್‌ಗಳೂ ಅದೇ ಇರಲಿ. ಬಾಲ್‌ಗೊಂದು ತೂಕ ಆದರೆ ತೂಗುವ ತೋಳಿನ ಲಯವೇ ತಪ್ಪುತ್ತದೆ.

ಮರದ ಲೇನ್‌ಗೂ ಸಿಂಥೆಟಿಕ್ ಲೇನ್‌ಗೂ ಬಾಲ್ ಬದಲಿಸಬೇಕೇ?

ಮರದ ಮೇಲೆ ಹಿಡಿತ ಹೆಚ್ಚು. ಅದೇ ಎಣ್ಣೆಯಿದ್ದರೂ ಬಾಲ್ ಬೇಗ ತಿರುಗುತ್ತದೆ, ಒಂದು ಮೆಟ್ಟಿಲು ಹೊಳಪಿನ ಬಾಲ್‌ನಿಂದ ಶುರುಮಾಡಿ. ಹೊಸ ಸಿಂಥೆಟಿಕ್ ಹೆಚ್ಚು ಜಾರುತ್ತದೆ, ವರ್ಷಗಟ್ಟಲೆ ಆಡಿ ಸವೆದದ್ದು ಮರದ ಕಡೆಗೆ ವಾಲುತ್ತದೆ.

ಮೊದಲು ಚೆನ್ನಾಗಿ ತಿರುಗುತ್ತಿದ್ದ ಬಾಲ್ ಈಗ ಸತ್ತಂತಿದೆ. ಏನಾಯಿತು?

ಹೀರಿದ ಎಣ್ಣೆ ಹೊರಗೆ ಬಂದಿಲ್ಲ, ಇಲ್ಲವೇ ಮೇಲ್ಮೈ ಸವೆದಿದೆ, ಬಹುಪಾಲು ಎರಡೂ. ಪ್ರತಿ ಎಸೆತದ ಬಳಿಕ ಮೈಕ್ರೋಫೈಬರ್ ಟವೆಲ್‌ನಿಂದ ಒರೆಸಿ. ಆಟ ಮುಗಿದು ಬಾಲ್ ಬೆಚ್ಚಗಿರುವಾಗಲೇ, ಶೂ ಬಿಚ್ಚುವ ಮೊದಲೇ, ಬಾಲ್ ಕ್ಲೀನರ್ ಹಚ್ಚಿ. ಮರುದಿನಕ್ಕೆ ಬಿಟ್ಟರೆ ಎಣ್ಣೆ ಒಳಗಿಳಿದಿರುತ್ತದೆ. ಅಸಿಟೋನ್, ಥಿನ್ನರ್ ಮುಟ್ಟಿಸಬೇಡಿ, ಕವರ್ ಮೆತ್ತಗಾಗಿ ಹಾಳಾಗುತ್ತದೆ.

ಒಳಗಿಳಿದ ಎಣ್ಣೆ ತೆಗೆಯಲು ಬಿಸಿನೀರಿನ ಸ್ನಾನವಿದೆ. 500ರ ಪ್ಯಾಡ್‌ನಿಂದ ಉಜ್ಜಿ ರಂಧ್ರಗಳನ್ನು ತೆರೆಯಿರಿ. ಬೆರಳಿನ ರಂಧ್ರಗಳಿಗೆ ನೀರು ಹೋಗದಂತೆ ಟೇಪ್ ಬಿಗಿಯಿರಿ. ಬಾಲ್ ಮುಳುಗುವಷ್ಟು ಬಕೆಟ್‌ನಲ್ಲಿ ಸುಮಾರು 55 ಡಿಗ್ರಿ ಸೆಲ್ಸಿಯಸ್ ನೀರು, ಪಾತ್ರೆ ತೊಳೆಯುವ ಸೋಪಿನ ಕೆಲವು ಹನಿ. 20 ನಿಮಿಷ ಬಿಟ್ಟು ಎತ್ತಿದರೆ ಬಾಲಿನ ಮೈಮೇಲೆ ಬೆವರಿನಂತೆ ಎಣ್ಣೆಯ ಮಣಿಗಳು ಕಾಣುತ್ತವೆ. ಒರೆಸಿ, ಹೊಸ ನೀರಿನಲ್ಲಿ ಮತ್ತೆ ಮುಳುಗಿಸಿ, ಮಣಿಗಳು ಬರುವುದು ನಿಲ್ಲುವವರೆಗೆ. ಕೊನೆಗೆ ಬೇಕಾದ ಗ್ರಿಟ್‌ಗೆ ಮೇಲ್ಮೈ ಮಾಡಿ. ನೀರು 60 ಡಿಗ್ರಿ ದಾಟಬಾರದು. ಓವನ್, ಪಾತ್ರೆ ತೊಳೆಯುವ ಯಂತ್ರ, ಹೇರ್ ಡ್ರೈಯರ್ ಯಾವುದೂ ಬೇಡ: ಕವಚ ಒಂದು ವೇಗದಲ್ಲಿ, ಒಳಭಾಗ ಇನ್ನೊಂದು ವೇಗದಲ್ಲಿ ಹಿಗ್ಗಿ ಬಿರುಕು ಬಿಡುತ್ತದೆ.

ಸ್ಪರ್ಧೆಯ ನಡುವೆ ಮೇಲ್ಮೈ ಬದಲಿಸಬಹುದೇ?

ಯುಎಸ್‌ಬಿಸಿ ನಿಯಮದಡಿ ನಡೆಯುವ ಸ್ಪರ್ಧೆ ಶುರುವಾದ ಮೇಲೆ ಉಜ್ಜುವಂತಿಲ್ಲ, ಪಾಲಿಶ್ ಹಚ್ಚುವಂತಿಲ್ಲ. ದ್ರವದ ಕ್ಲೀನರ್ ಕೂಡ ಇಲ್ಲ, ಒಣ ಟವೆಲ್ ಮಾತ್ರ. ಆದ್ದರಿಂದ ಒಂದೇ ಥರದ ಎರಡು ಬಾಲ್ ಇದ್ದರೆ ಮನೆಯಲ್ಲೇ ಒಂದನ್ನು 2000ಕ್ಕೆ, ಇನ್ನೊಂದನ್ನು ಪಾಲಿಶ್‌ಗೆ ಸಿದ್ಧಮಾಡಿ ತನ್ನಿ. ತೂಕ ಸರಿದೂಗಿಸಲು ಕೊರೆಯುತ್ತಿದ್ದ ಹೆಚ್ಚುವರಿ ರಂಧ್ರಕ್ಕೆ 2020ರ ಆಗಸ್ಟ್ 1ರಿಂದ ಅವಕಾಶವಿಲ್ಲ. ಹಳೆಯ ಬಾಲ್ ಕೊಳ್ಳುವವರು ಇದನ್ನು ನೋಡಿಯೇ ಕೊಳ್ಳಬೇಕು, ಅಂಥ ರಂಧ್ರವಿದ್ದರೆ ಮುಚ್ಚಿಸದೆ ಸ್ಪರ್ಧೆಗೆ ತರುವಂತಿಲ್ಲ.

ಬಾಲ್‌ಗಳನ್ನು ಎಲ್ಲಿ ಇಡಬೇಕು?

ಮನೆಯೊಳಗೆ, ಬಿಸಿಲು ಬೀಳದ ಕಡೆ, ನೆಲದ ಮೇಲೆ ಬರಿದಾಗಿ ಇಡದೆ ಚೀಲದಲ್ಲಿ ಅಥವಾ ಮೆತ್ತನೆಯ ಬಟ್ಟಲಿನ ಮೇಲೆ. ಕಾರಿನ ಡಿಕ್ಕಿಯಲ್ಲಿ ಬಿಡಬೇಡಿ. ಹಗಲಿನ ಬಿಸಿ, ರಾತ್ರಿಯ ತಂಪು ಹೀಗೆ ಬದಲಾಗುತ್ತಿದ್ದರೆ ಬಿರುಕು ಬರುವುದು ಸಾಮಾನ್ಯವಾಗಿ ಬೆರಳಿನ ರಂಧ್ರಗಳ ನಡುವಿನ ಸಣ್ಣ ಸೇತುವೆಯಿಂದ. ತಿಂಗಳುಗಟ್ಟಲೆ ಆಡದೆ ಇಡುವುದಾದರೆ ಎಣ್ಣೆ ತೆಗೆಸಿ ಇಡಿ, ಹೆಬ್ಬೆರಳಿನ ರಂಧ್ರದೊಳಗಿನ ಕೊಳವೆಯನ್ನು ತೆಗೆಯಬಹುದಾದರೆ ತೆಗೆದು ಬೇರೆ ಇಡಿ, ಆಗಾಗ ಬಾಲನ್ನು ಸ್ವಲ್ಪ ತಿರುಗಿಸಿ ಇಡಿ.